ಹಂಬಕರ್ ಗಿಟಾರ್‌ನಿಂದ ಇನ್ನೊಂದು ಸದ್ದು: ಪುಶ್-ಪುಲ್ ಪಾಟ್ ಹಾಕುವ ಬಗೆ

ಎರಡು ಹಂಬಕರ್ (ಎರಡೆರಡು ಕಾಯಿಲ್ ಇರುವ ಪಿಕಪ್, ಅಂದರೆ ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ ಕಳಿಸುವ ಭಾಗ) ಇರುವ ಗಿಟಾರ್ ಕೊಂಡವರು ಸ್ವಲ್ಪ ದಿನ ಕಳೆದ ಮೇಲೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ದಪ್ಪ ಸದ್ದು ಚೆನ್ನಾಗಿದೆ, ಡಿಸ್ಟಾರ್ಷನ್ ಹಾಕಿದರೆ ಇನ್ನೂ ಚೆನ್ನಾಗಿದೆ, ಆದರೆ ಹಳೇ ಸಿನಿಮಾ ಹಾಡಿಗೆ ಕ್ಲೀನ್ ಆಗಿ ಕಾರ್ಡ್ ಹೊಡೆಯೋಣ ಅಂದರೆ ಎಲ್ಲಾ ಮಂದವಾಗಿ ಕೇಳಿಸುತ್ತದೆ, ಏನು ಮಾಡುವುದು?

ಇನ್ನೊಂದು ಗಿಟಾರ್ ಕೊಳ್ಳಬೇಕಾಗಿಲ್ಲ. ಒಂದು ಪುಶ್-ಪುಲ್ ಪಾಟ್ (ವಾಲ್ಯೂಮ್, ಟೋನ್ ನಾಬ್‌ನ ಕೆಳಗೆ ತಿರುಗುವ ಭಾಗವೇ ಪಾಟ್, ಇದರಲ್ಲಿ ಒತ್ತಿ ಎಳೆಯುವ ಸ್ವಿಚ್ಚೂ ಇರುತ್ತದೆ), ಒಂದೆರಡು ಅಡಿ ವೈರ್, ಒಂದು ಭಾನುವಾರ ಮಧ್ಯಾಹ್ನ ಇದ್ದರೆ ಸಾಕು. ಇದಕ್ಕೆ ಎಲ್ಲರೂ ಮೊದಲು ಹೇಳುವ ಉಪಾಯ ಕಾಯಿಲ್ ಸ್ಪ್ಲಿಟ್. ನಾನು ಹೇಳುವುದು ಸೀರೀಸ್-ಪ್ಯಾರಲಲ್. ಮೈಸೂರು, ಮಂಡ್ಯ ಕಡೆ ನಾವು ನುಡಿಸುವ ಜಾಗಗಳನ್ನು ನೋಡಿದರೆ ಅದೇ ಸರಿ ಅಂತ ನನ್ನ ಲೆಕ್ಕ. ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಬೆಸುಗೆಯ ಐರನ್ ಬಿಸಿ ಮಾಡೋಣ.

ಹಂಬಕರ್ ಒಳಗೆ ಏನಿದೆ

ಸಿಂಗಲ್ ಕಾಯಿಲ್ ಪಿಕಪ್ ಅಂದರೆ ಆಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ವೈರ್. ಅದು ತಂತಿಯ ಕಂಪನವನ್ನಷ್ಟೇ ಹಿಡಿಯುವುದಿಲ್ಲ, ಸುತ್ತಮುತ್ತ ಇರುವ ಟ್ಯೂಬ್‌ಲೈಟ್, ಟ್ರಾನ್ಸ್‌ಫಾರ್ಮರ್, ಡಿಮ್ಮರ್ ಎಲ್ಲದರ ಗೊಂಯ್ ಸದ್ದನ್ನೂ ಹಿಡಿಯುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಗೊಂಯ್ ಬರುವುದೂ 50ರಲ್ಲಿ ಮತ್ತು ಅದರ ಮಡಿಗಳಲ್ಲಿ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಇದಕ್ಕೊಂದು ದಾರಿಗೆ ಪೇಟೆಂಟ್ ಅರ್ಜಿ ಹಾಕಿದರು. ಎರಡು ಕಾಯಿಲ್ ಪಕ್ಕಪಕ್ಕ ಇಡುವುದು, ಒಂದರ ಆಯಸ್ಕಾಂತದ ದಿಕ್ಕು ಉಲ್ಟಾ, ವೈರಿನ ದಿಕ್ಕೂ ಉಲ್ಟಾ. ತಂತಿಯ ಸದ್ದಿಗೆ ಎರಡೂ ಉಲ್ಟಾ ಸೇರಿ ಸೀದಾ ಆಗುತ್ತದೆ, ಕೂಡಿಕೊಳ್ಳುತ್ತದೆ. ಹೊರಗಿನ ಗೊಂಯ್‌ಗೂ ಆಯಸ್ಕಾಂತಕ್ಕೂ ಸಂಬಂಧ ಇಲ್ಲ, ಹಾಗಾಗಿ ಅದು ಒಂದನ್ನೊಂದು ಹೊಡೆದುಹಾಕಿ ಸುಮ್ಮನಾಗುತ್ತದೆ.

ಮಾಮೂಲಿ ವೈರಿಂಗ್‌ನಲ್ಲಿ ಈ ಎರಡು ಕಾಯಿಲ್ ಸೀರೀಸ್‌ನಲ್ಲಿರುತ್ತವೆ, ಟಾರ್ಚಿಗೆ ಸೆಲ್ ಹಾಕಿದ ಹಾಗೆ ಒಂದರ ಹಿಂದೆ ಒಂದು. ಸದ್ದು ಜೋರು, ಮಧ್ಯದ ಸ್ವರ ದಪ್ಪ, ಮೇಲಿನ ಹೊಳಪು ಕಡಿಮೆ. ಸ್ಪ್ಲಿಟ್ ಮಾಡಿದರೆ ಒಂದು ಕಾಯಿಲ್ ಆಫ್. ತೆಳು ಸದ್ದು ಬರುತ್ತದೆ, ಆದರೆ ಉಳಿದದ್ದು ಸಿಂಗಲ್ ಕಾಯಿಲ್ ಆದ್ದರಿಂದ ಗೊಂಯ್ ವಾಪಸ್. ಪ್ಯಾರಲಲ್‌ನಲ್ಲಿ ಎರಡೂ ಕಾಯಿಲ್ ಕೆಲಸ ಮಾಡುತ್ತವೆ, ಅಕ್ಕಪಕ್ಕ ನಿಂತು. ಸದ್ದು ತೆಳುವಾಗುತ್ತದೆ, ಹೊಳಪು ಬರುತ್ತದೆ, ಗೊಂಯ್ ಬರುವುದಿಲ್ಲ. ಇದಕ್ಕಿಂತ ಇನ್ನೇನು ಬೇಕು?

ಗಣಪತಿ ಪೆಂಡಾಲ್‌ನಲ್ಲಿ ಅಥವಾ ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ನುಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಲೆ ಮೇಲೆ ಸೀರಿಯಲ್ ಸೆಟ್, ಪಕ್ಕದಲ್ಲಿ ಜನರೇಟರ್, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಕೀಬೋರ್ಡು, ಆಂಪು, ಫ್ಯಾನು. ಅರ್ತಿಂಗ್ ಇದ್ದರೂ ಇತ್ತು, ಇಲ್ಲದಿದ್ದರೂ ಇಲ್ಲ. ಅಲ್ಲಿ ಸ್ಪ್ಲಿಟ್ ಮಾಡಿದ ಗಿಟಾರ್ ಹಿಡಿದು ನಿಂತರೆ ಹಾಡಿನ ನಡುವೆ ಬಿಡುವು ಬಂದಾಗಲೆಲ್ಲ ನಿಮ್ಮ ಆಂಪ್ ಒಂದೇ ಶ್ರುತಿ ಹಿಡಿದುಕೊಂಡಿರುತ್ತದೆ. ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಸ್ಪ್ಲಿಟ್ ಸರಿ. ವೇದಿಕೆಗೆ ಪ್ಯಾರಲಲ್.

ನಿಮ್ಮ ಗಿಟಾರ್‌ಗೆ ಇದು ಆಗುತ್ತದಾ?

ಹಿಂದಿನ ಮುಚ್ಚಳ ಬಿಚ್ಚಿ ನೋಡಿ. ಪಿಕಪ್‌ನಿಂದ ಬರುವ ಕೇಬಲ್ ಒಳಗೆ ನಾಲ್ಕು ಬಣ್ಣದ ವೈರ್, ಜೊತೆಗೆ ಒಂದು ಬರಿ (ಮೇಲೆ ಹೊದಿಕೆ ಇಲ್ಲದ) ವೈರ್ ಇದ್ದರೆ ಆಗುತ್ತದೆ. ಎರಡು ಬಣ್ಣದ ವೈರ್ ಒಟ್ಟಿಗೆ ಬೆಸೆದು ಟೇಪ್ ಸುತ್ತಿ ಬಿಟ್ಟಿದ್ದರೆ ಅದೇ ಎರಡು ಕಾಯಿಲ್ ಸೇರುವ ಜಾಗ, ನಮಗೆ ಬೇಕಾದದ್ದು. ಒಂದೇ ವೈರ್ ಮತ್ತು ಸುತ್ತ ಜಾಲರಿ ಮಾತ್ರ ಇದ್ದರೆ ಆ ಸೇರುವ ಜಾಗ ಪಿಕಪ್ಪಿನ ಹೊಟ್ಟೆಯೊಳಗಿದೆ. ಟೇಪ್ ಬಿಚ್ಚಿ ಹೊರಗೆ ತರಬಹುದು ಅಂತ ಹೇಳುವವರಿದ್ದಾರೆ. ತರಬಹುದು ನಿಜ, ಆದರೆ ಅಲ್ಲಿರುವ ವೈರ್ 42 ಗೇಜ್, ಮಿಲಿಮೀಟರಿನ ಹದಿನಾರನೇ ಒಂದು ಭಾಗದಷ್ಟೇ ದಪ್ಪ, ಉಗುರು ತಾಗಿದರೂ ತುಂಡಾಗುತ್ತದೆ. ಮೊದಲ ಸಲ ಐರನ್ ಹಿಡಿಯುವವರು ಅದಕ್ಕೆ ಕೈ ಹಾಕಬೇಡಿ. ನಾಲ್ಕು ವೈರಿನ ಪಿಕಪ್ ಬೇರೆ ತಗೊಳ್ಳಿ.

ಇನ್ನೊಂದು ನೋಡಬೇಕಾದದ್ದು ಆಳ. ಪುಶ್-ಪುಲ್ ಪಾಟ್ ಮಾಮೂಲಿ ಪಾಟ್‌ಗಿಂತ ತುಂಬಾ ಉದ್ದ, ಅದರ ಕೆಳಗೆ ಸ್ವಿಚ್ಚಿನ ಡಬ್ಬಿ ಅಂಟಿಕೊಂಡಿರುತ್ತದೆ. ಸ್ಕೇಲ್ ಇಳಿಸಿ ಗುಳಿಯ ಆಳ ಅಳೆದು, ಕೊಳ್ಳುವ ಮುಂಚೆ ಪಾಟ್‌ನ ಅಳತೆಯ ಜೊತೆ ಹೋಲಿಸಿ. ತೂತನ್ನೂ ಅಳೆಯಿರಿ. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಸಣ್ಣ ಪಾಟ್ ಇರುತ್ತದೆ, ತೂತೂ ಸಣ್ಣದು. ದೊಡ್ಡ ಪಾಟ್‌ಗೆ ಹತ್ತಿರ ಹತ್ತಿರ 10 ಮಿ.ಮೀ. ಬೇಕಾಗುತ್ತದೆ. ರೀಮರ್ ಇಲ್ಲದಿದ್ದರೆ ಉರುಟು ಅರದಿಂದ ನಿಧಾನಕ್ಕೆ ತೀಡಿ. ಡ್ರಿಲ್ ಹಾಕಿದರೆ ಪಾಲಿಷ್ ಚಕ್ಕೆ ಏಳುವ ಸಾಧ್ಯತೆ ಜಾಸ್ತಿ.

ಸಾಮಾನು

ಹಂಬಕರ್‌ಗೆ 500 ಕೆ ಪಾಟ್ ತಗೊಳ್ಳಿ. ಅಕ್ಷರ ಎ ಇದ್ದರೆ ಆಡಿಯೋ ಟೇಪರ್ (ತಿರುಗಿಸಿದಾಗ ಕಿವಿಗೆ ಸಮವಾಗಿ ಏರಿದಂತೆ ಕೇಳಿಸುವುದು), ಬಿ ಇದ್ದರೆ ಲೀನಿಯರ್ (ಓಮ್ ಅಳತೆಯಲ್ಲಿ ಸಮವಾಗಿ ಏರುವುದು). ಸ್ವಿಚ್ ಭಾಗಕ್ಕೆ ಎರಡು ಸಾಲಿನಲ್ಲಿ ಒಟ್ಟು ಆರು ಪಿನ್ ಇರಬೇಕು, ಡಿಪಿಡಿಟಿ ಅಂತ ಕರೆಯುವುದು ಅದನ್ನೇ. ಇದು ಮೈಸೂರಿನಲ್ಲಿ ಟಿವಿ, ಮಿಕ್ಸಿ ರಿಪೇರಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಅಲೆಯಬೇಡಿ. ಆನ್‌ಲೈನ್‌ನಲ್ಲಿ ತರಿಸಿ. ಸೋಲ್ಡರ್, ಪೇಸ್ಟ್, ಹೀಟ್ ಶ್ರಿಂಕ್ ಟ್ಯೂಬ್, ತೆಳು ವೈರ್, ಮಲ್ಟಿಮೀಟರ್ ಇವೆಲ್ಲ ಅಂಗಡಿಯಲ್ಲೇ ಸಿಗುತ್ತವೆ. ಸೋಲ್ಡರ್ 60/40 ಕೇಳಿ, ಒಳಗೆ ರೋಸಿನ್ (ಮರದ ರಾಳ) ಇರುವಂಥದ್ದು. ನಲ್ಲಿ ಪೈಪಿಗೆ ಹಾಕುವ ಆಸಿಡ್ ಫ್ಲಕ್ಸ್ ಬೇಡವೇ ಬೇಡ, ವರ್ಷ ಕಳೆಯುವಷ್ಟರಲ್ಲಿ ಪಿನ್ ಎಲ್ಲಾ ಹಸಿರು ಹಿಡಿಯುತ್ತದೆ.

ಐರನ್ ಬಗ್ಗೆ ಒಂದು ಮಾತು. ಎಲ್ಲರ ಮನೆಯಲ್ಲೂ ಇರುವ 25 ವ್ಯಾಟ್ ಐರನ್ ಸ್ವಿಚ್ಚಿನ ಪಿನ್‌ಗಳಿಗೆ ಹೇಳಿ ಮಾಡಿಸಿದ್ದು. ಪಾಟ್‌ನ ಬೆನ್ನಿಗೆ ಗ್ರೌಂಡ್ ವೈರ್ (ಸಿಗ್ನಲ್ ವಾಪಸ್ ಹೋಗುವ ದಾರಿ) ಬೆಸೆಯುವಾಗ ಮಾತ್ರ ಸೋಲುತ್ತದೆ, ಯಾಕೆಂದರೆ ಆ ತಗಡು ಬಿಸಿಯನ್ನೆಲ್ಲ ಹೀರಿಕೊಂಡುಬಿಡುತ್ತದೆ. 40 ಅಥವಾ 60 ವ್ಯಾಟಿನದು ಸಿಕ್ಕರೆ ಅದಕ್ಕೊಂದೇ ಬಳಸಿ. ಇಲ್ಲದಿದ್ದರೆ ಪಾಟ್‌ನ ಬೆನ್ನನ್ನು ಉಪ್ಪು ಕಾಗದದಿಂದ ಚೆನ್ನಾಗಿ ಉಜ್ಜಿ, ಅಗಲ ತುದಿಯ ಬಿಟ್ ಹಾಕಿ, ಫ್ಯಾನ್ ಆಫ್ ಮಾಡಿ. ಫ್ಯಾನ್ ಗಾಳಿ ಐರನ್‌ನ ದೊಡ್ಡ ಶತ್ರು. ಕಿಟಕಿ ಮಾತ್ರ ತೆರೆದಿರಲಿ, ಹೊಗೆ ಮೂಗಿಗೆ ಹೋಗಬಾರದು. ಸೋಲ್ಡರ್‌ನಲ್ಲಿ ಸೀಸ ಇದೆ, ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಏನೂ ತಿನ್ನಬೇಡಿ.

ವೈರ್‌ಗಳನ್ನು ಗುರುತಿಸುವುದು

ಇಲ್ಲಿ ಆತುರ ಬೇಡ. ಇಡೀ ಕೆಲಸದಲ್ಲಿ ಜಾಸ್ತಿ ತಲೆ ಓಡಿಸಬೇಕಾದ ಭಾಗ ಇದೇ, ಇದು ಸರಿಯಾದರೆ ಮಿಕ್ಕದ್ದು ಬರೀ ಬೆಸುಗೆ.

ಬಣ್ಣಗಳಿಗೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ಸೇಮೋರ್ ಡಂಕನ್ ಪಿಕಪ್‌ನಲ್ಲಿ ಕಪ್ಪು ಹಾಟ್ (ಸದ್ದನ್ನು ಹೊರಗೆ ಒಯ್ಯುವ ವೈರ್), ಬಿಳಿ ಮತ್ತು ಕೆಂಪು ಒಟ್ಟಿಗೆ, ಹಸಿರು ಮತ್ತು ಬರಿ ವೈರ್ ಗ್ರೌಂಡ್. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಕಪ್ಪು ಮತ್ತು ಬಿಳಿ ಒಟ್ಟಿಗೆ, ಹಸಿರು ಮತ್ತು ಬರಿ ವೈರ್ ಗ್ರೌಂಡ್. ಹೆಸರಿಲ್ಲದ ಪಿಕಪ್ ಆದರೆ ನೀವೇ ಕಂಡುಹಿಡಿಯಬೇಕು.

ಪಿಕಪ್ಪಿನ ಎಲ್ಲ ವೈರ್ ಬಿಡಿಸಿಕೊಳ್ಳಿ. ಮಲ್ಟಿಮೀಟರ್‌ನ್ನು 20 ಕೆ ಓಮ್‌ಗೆ ಇಟ್ಟು ಎರಡೆರಡು ವೈರ್ ಹಿಡಿದು ನೋಡುತ್ತಾ ಹೋಗಿ. ಯಾವ ಎರಡರ ನಡುವೆ ಸುಮಾರು 4 ಕೆ ಬರುತ್ತದೋ ಅವು ಒಂದು ಕಾಯಿಲ್‌ನ ಎರಡು ತುದಿ. ಉಳಿದೆರಡು ಇನ್ನೊಂದರದ್ದು. ಬರಿ ವೈರ್ ಯಾವುದರ ಜೊತೆಗೂ ಏನೂ ತೋರಿಸಬಾರದು.

ಇನ್ನು ಪ್ಲಸ್ ಯಾವುದು, ಮೈನಸ್ ಯಾವುದು? ಇದಕ್ಕೆ ಮುಳ್ಳಿನ ಮೀಟರ್‌ನಂಥದ್ದು ಬೇರೆ ಇಲ್ಲ. ರೇಡಿಯೋ ರಿಪೇರಿ ಮಾಡುತ್ತಿದ್ದ ಯಾರಾದರೂ ಹಿರಿಯರ ಹತ್ತಿರ ಒಂದು ಇದ್ದೇ ಇರುತ್ತದೆ, ಕೇಳಿ ತನ್ನಿ. ಡಿಸಿಯ ಅತಿ ಕಡಿಮೆ ರೇಂಜ್‌ಗೆ ಇಡಿ. ಒಂದು ಕಾಯಿಲ್‌ನ ಎರಡು ತುದಿಗೆ ಎರಡು ಪ್ರೋಬ್ ಸಿಕ್ಕಿಸಿ, ಕಬ್ಬಿಣದ ಸ್ಕ್ರೂಡ್ರೈವರ್ ತುದಿಯನ್ನು ಆ ಕಾಯಿಲ್ ಮೇಲೆ ಟಕ್ಕಂತ ಇಡಿ. ಮುಳ್ಳು ಒಂದು ಪುಟ್ಟ ಏಟು ಹಾಕಿ ವಾಪಸ್ ಬರುತ್ತದೆ. ತೆಗೆಯುವಾಗ ಉಲ್ಟಾ ದಿಕ್ಕಿಗೆ ಹೊಡೆಯುತ್ತದೆ. ನಿಮಗೆ ಬೇಕಾದದ್ದು ಇಡುವಾಗಿನ ಏಟು. ಅದು ಬಲಕ್ಕೆ ಹೋದರೆ ಕೆಂಪು ಪ್ರೋಬ್ ಹಿಡಿದ ವೈರ್‌ಗೆ ಪ್ಲಸ್ ಅಂತ ಚೀಟಿ ಅಂಟಿಸಿ. ಎಡಕ್ಕೆ ಹೋದರೆ ಪ್ರೋಬ್ ಅದಲುಬದಲು ಮಾಡಿ ಮತ್ತೆ ನೋಡಿ. ಇನ್ನೊಂದು ಕಾಯಿಲ್‌ಗೂ ಹೀಗೇ. ಡಿಜಿಟಲ್ ಮೀಟರಿನಲ್ಲಿ 200 ಮಿಲಿವೋಲ್ಟ್‌ಗೆ ಇಟ್ಟೂ ನೋಡಬಹುದು, ಆದರೆ ಅಂಕಿ ಮಿನುಗಿ ಮಾಯವಾಗುತ್ತದೆ, ಕಣ್ಣು ಚುರುಕಾಗಿರಬೇಕು.

ಈಗ ನಿಮ್ಮ ಹತ್ತಿರ ನಾಲ್ಕು ಹೆಸರು ಇವೆ: ಒಂದನೇ ಕಾಯಿಲ್‌ನ ಪ್ಲಸ್, ಮೈನಸ್, ಎರಡನೇ ಕಾಯಿಲ್‌ನ ಪ್ಲಸ್, ಮೈನಸ್. ಡಂಕನ್ ಬಣ್ಣದಲ್ಲಿ ಹೇಳುವುದಾದರೆ ಕ್ರಮವಾಗಿ ಕಪ್ಪು, ಬಿಳಿ, ಕೆಂಪು, ಹಸಿರು. ಡಿಮಾರ್ಜಿಯೋದಲ್ಲಿ ಕೆಂಪು, ಕಪ್ಪು, ಬಿಳಿ, ಹಸಿರು.

ಬೆಸುಗೆ

ಏನನ್ನೂ ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ನಾಲ್ಕೈದು ಫೋಟೋ ತೆಗೆದಿಡಿ, ಬೆಳಕು ಚೆನ್ನಾಗಿರಲಿ. ಪಿಕಪ್ ಮೇಲೆ ಬಟ್ಟೆ ಹೊದಿಸಿ, ಅರದ ಕಬ್ಬಿಣದ ಪುಡಿ ಆಯಸ್ಕಾಂತಕ್ಕೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಗಿಟಾರಿನ ಮೈಗೂ ಹಳೇ ಟವೆಲ್ ಸುತ್ತಿ, ಒಂದು ಹನಿ ಸೋಲ್ಡರ್ ಬಿದ್ದರೆ ಪಾಲಿಷ್ ಹೋಯಿತು.

ಪುಶ್-ಪುಲ್‌ನ್ನು ಟೋನ್ ಜಾಗಕ್ಕೆ ಹಾಕಿ. ನುಡಿಸುವಾಗ ಕೈ ಪದೇಪದೇ ಹೋಗುವುದು ವಾಲ್ಯೂಮ್‌ಗೆ, ಅಲ್ಲಿ ಹಾಕಿದರೆ ಹಾಡಿನ ನಡುವೆ ಗೊತ್ತಿಲ್ಲದೆ ಎಳೆದುಬಿಡುತ್ತೀರಿ. ಹಳೇ ಟೋನ್ ಪಾಟ್‌ನಲ್ಲಿದ್ದ ಕೆಪಾಸಿಟರ್ ಹಾಗೇ ತೆಗೆದು ಹೊಸದಕ್ಕೆ ಹಾಕಬಹುದು. ಅದರ ಮೇಲೆ 223 ಅಂತ ಇದ್ದರೆ 0.022 ಮೈಕ್ರೋಫ್ಯಾರಡ್, 473 ಅಂತ ಇದ್ದರೆ 0.047. ಮೇಲಿನ ಪಾಟ್ ಭಾಗಕ್ಕೂ ಕೆಳಗಿನ ಸ್ವಿಚ್ ಭಾಗಕ್ಕೂ ಒಳಗೆ ಸಂಬಂಧ ಇಲ್ಲ. ಟೋನ್ ಕೆಲಸ ಟೋನ್ ಮಾಡುತ್ತದೆ, ಸ್ವಿಚ್ ಕೆಲಸ ಸ್ವಿಚ್ ಮಾಡುತ್ತದೆ.

ಗುಳಿಯೊಳಗೆ ಕೈ ತೂರಿಸಿಕೊಂಡು ಆರು ಪಿನ್ ಬೆಸೆಯುವುದು ಹಿಂಸೆ. ಮೈಸೂರು ಪಾಕಿನ ಖಾಲಿ ಡಬ್ಬಿ ತಗೊಂಡು ರಟ್ಟಿನ ಮುಚ್ಚಳಕ್ಕೆ ತೂತು ಮಾಡಿ, ಪಾಟ್‌ನ್ನು ಅದಕ್ಕೆ ನಟ್ ಹಾಕಿ ತಲೆಕೆಳಗಾಗಿ ನಿಲ್ಲಿಸಿ. ಎರಡು ಕೈಯೂ ಖಾಲಿ ಇರುತ್ತವೆ.

ಮೊದಲು ಮೀಟರ್‌ನ್ನು ಬೀಪ್‌ಗೆ ಇಟ್ಟು ಸ್ವಿಚ್ ಅರ್ಥ ಮಾಡಿಕೊಳ್ಳಿ. ಎರಡು ಸಾಲು, ಒಂದೊಂದರಲ್ಲಿ ಮೂರು ಪಿನ್. ನಡುವಿನ ಪಿನ್ ಯಾವಾಗಲೂ ಕೆಲಸದಲ್ಲಿರುತ್ತದೆ. ನಾಬ್ ಒತ್ತಿದಾಗ ಅದು ಒಂದು ತುದಿಯ ಪಿನ್ ಜೊತೆ ಬೀಪ್ ಅನ್ನುತ್ತದೆ, ಎಳೆದಾಗ ಇನ್ನೊಂದು ತುದಿಯ ಜೊತೆ. ಯಾವುದು ಯಾವುದು ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ. ನಾನಿಲ್ಲಿ ಅವುಗಳನ್ನು ಒತ್ತಿನ ಪಿನ್, ಎಳೆತದ ಪಿನ್ ಅಂತ ಕರೆಯುತ್ತೇನೆ.

ಇನ್ನು ವೈರಿಂಗ್. ಎಡ ಸಾಲಿನ ನಡುವಿನ ಪಿನ್‌ಗೆ ಒಂದನೇ ಕಾಯಿಲ್‌ನ ಮೈನಸ್. ಬಲ ಸಾಲಿನ ನಡುವಿನ ಪಿನ್‌ಗೆ ಎರಡನೇ ಕಾಯಿಲ್‌ನ ಪ್ಲಸ್. ಎರಡು ಸಾಲಿನ ಒತ್ತಿನ ಪಿನ್‌ಗಳನ್ನು ಒಂದು ತುಂಡು ವೈರ್‌ನಿಂದ ಒಂದಕ್ಕೊಂದು ಸೇರಿಸಿ, ಬೇರೆಲ್ಲಿಗೂ ಕೊಡಬೇಡಿ. ಎಡ ಸಾಲಿನ ಎಳೆತದ ಪಿನ್‌ನಿಂದ ಗ್ರೌಂಡ್‌ಗೆ ವೈರ್. ಬಲ ಸಾಲಿನ ಎಳೆತದ ಪಿನ್‌ನಿಂದ ಹಾಟ್‌ಗೆ ವೈರ್, ಅಂದರೆ ಮೊದಲು ಈ ಪಿಕಪ್ಪಿನ ಹಾಟ್ ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೆ. ಒಂದನೇ ಕಾಯಿಲ್‌ನ ಪ್ಲಸ್ ಕೂಡ ಅಲ್ಲಿಗೇ, ಅದು ಸ್ವಿಚ್ ಮುಟ್ಟುವುದೇ ಇಲ್ಲ. ಎರಡನೇ ಕಾಯಿಲ್‌ನ ಮೈನಸ್ ಮತ್ತು ಬರಿ ವೈರ್ ನೇರ ಪಾಟ್‌ನ ಬೆನ್ನಿಗೆ, ಗ್ರೌಂಡ್‌ಗೆ.

ನಾಬ್ ಒತ್ತಿದ್ದರೆ ಒಂದರ ಮೈನಸ್ ಎರಡರ ಪ್ಲಸ್‌ಗೆ ಸೇರಿ ಸೀರೀಸ್, ಹಳೇ ಸದ್ದು. ಎಳೆದರೆ ಎರಡೂ ಪ್ಲಸ್ ಹಾಟ್‌ಗೆ, ಎರಡೂ ಮೈನಸ್ ಗ್ರೌಂಡ್‌ಗೆ, ಪ್ಯಾರಲಲ್. ಕಾಗದದ ಮೇಲೆ ಒಂದು ಸಲ ಬರೆದು ಬೆರಳಿಟ್ಟು ದಾರಿ ಹಿಡಿದು ಹೋಗಿ ನೋಡಿ, ತಲೆಗೆ ಹತ್ತುತ್ತದೆ.

ಬೆಸೆಯುವಾಗ ಸೋಲ್ಡರ್‌ನ್ನು ಐರನ್ ತುದಿಗೆ ಅಲ್ಲ, ಬಿಸಿಯಾದ ಪಿನ್‌ಗೆ ಮುಟ್ಟಿಸಿ. ಮೊದಲು ಪಿನ್‌ಗೂ ವೈರ್ ತುದಿಗೂ ಬೇರೆ ಬೇರೆಯಾಗಿ ಸ್ವಲ್ಪ ಸೋಲ್ಡರ್ ಹಚ್ಚಿಟ್ಟಿದ್ದರೆ ಆಮೇಲೆ ಎರಡು ಮೂರು ಸೆಕೆಂಡ್‌ನಲ್ಲಿ ಕೂಡಿಕೊಳ್ಳುತ್ತವೆ. ಅದಕ್ಕಿಂತ ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಸ್ವಿಚ್ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಅಲ್ಲಾಡಲು ಶುರುವಾಗುತ್ತದೆ. ಆಗಲಿಲ್ಲ ಅಂದರೆ ಬಿಡಿ, ತಣ್ಣಗಾಗಲಿ, ಮತ್ತೆ ಮಾಡಿ. ಒಳ್ಳೇ ಬೆಸುಗೆ ಹೊಳೆಯುತ್ತದೆ, ಪಿನ್‌ಗೆ ಹರಡಿಕೊಂಡಿರುತ್ತದೆ. ಬೂದು ಬಣ್ಣದ ಗುಂಡು ಕೂತಿದ್ದರೆ ಅದು ಅಂಟಿಕೊಂಡಿಲ್ಲ, ಸುಮ್ನೆ ಕೂತಿದೆ ಅಷ್ಟೇ.

ಮುಚ್ಚುವ ಮುಂಚೆ

ಮುಚ್ಚಳಕ್ಕೆ ಸ್ಕ್ರೂ ಹಾಕುವ ಮೊದಲೇ ಪರೀಕ್ಷೆ ಮಾಡಿ. ಜ್ಯಾಕ್‌ಗೆ ಕೇಬಲ್ ಸಿಕ್ಕಿಸಿ, ಇನ್ನೊಂದು ತುದಿಯ ಪ್ಲಗ್‌ನ ತುದಿಗೂ ಮೈಗೂ ಮೀಟರ್ ಹಿಡಿಯಿರಿ. ವಾಲ್ಯೂಮ್ ಪೂರ್ತಿ ತೆರೆದಿರಲಿ, ಸೆಲೆಕ್ಟರ್ (ಯಾವ ಪಿಕಪ್ ಬೇಕು ಅಂತ ಆರಿಸುವ ಸ್ವಿಚ್) ಈ ಪಿಕಪ್‌ಗೆ ಇರಲಿ. ಒಂದೊಂದು ಕಾಯಿಲ್ 4 ಕೆ ಇದ್ದರೆ ಒತ್ತಿದಾಗ 8ಕ್ಕಿಂತ ಒಂದು ಕೂದಲೆಳೆ ಕಡಿಮೆ ಬರುತ್ತದೆ, ಪಾಟ್ ಅಡ್ಡ ಇರುವುದರಿಂದ. ಎಳೆದಾಗ 2 ಕೆ. ಈ 8 ಮತ್ತು 2 ಬಂದರೆ ಅರ್ಧ ಗೆದ್ದಂತೆ.

ಸೊನ್ನೆ ಬಂದರೆ ಹಾಟ್ ಎಲ್ಲೋ ಗ್ರೌಂಡ್ ಮುಟ್ಟಿದೆ, ಹೆಚ್ಚಾಗಿ ಬರಿ ವೈರ್‌ನ ಒಂದು ಎಳೆ ಪಕ್ಕದ ಪಿನ್‌ಗೆ ತಾಗಿರುತ್ತದೆ. ಸೀರೀಸ್‌ನಲ್ಲಿ ಪಾಟ್‌ನ 500 ಕೆಯಷ್ಟೇ ಬಂದರೆ ಒತ್ತಿನ ಪಿನ್‌ಗಳ ನಡುವಿನ ತುಂಡು ವೈರ್ ನೋಡಿ. ಅಂಕಿ ಎಲ್ಲಾ ಸರಿ ಇದೆ, ಆದರೆ ಆಂಪ್‌ಗೆ ಹಾಕಿದರೆ ಸದ್ದು ತಗಡು ಬಡಿದ ಹಾಗೆ, ಗೊಂಯ್ ಬೇರೆ ಜಾಸ್ತಿ ಅಂದರೆ ಒಂದು ಕಾಯಿಲ್‌ನ ಪ್ಲಸ್ ಮೈನಸ್ ಅದಲುಬದಲಾಗಿದೆ. ಮೀಟರ್ ಇದನ್ನು ಹೇಳುವುದಿಲ್ಲ, ಕಿವಿಯೇ ಹೇಳಬೇಕು.

ತಂತಿ ಮುಟ್ಟಿದಾಗ ಗೊಂಯ್ ಕಡಿಮೆ ಆದರೆ ಅದು ಮಾಮೂಲು. ಮುಟ್ಟಿದಾಗ ಜಾಸ್ತಿ ಆದರೆ ಜ್ಯಾಕ್‌ನಲ್ಲಿ ಎರಡು ವೈರ್ ಉಲ್ಟಾ ಆಗಿದೆಯಾ ನೋಡಿ. ಬ್ರಿಡ್ಜ್‌ನಿಂದ ಬರುವ ಗ್ರೌಂಡ್ ವೈರ್ ಕಿತ್ತುಬಂದಿಲ್ಲ ಅನ್ನುವುದನ್ನೂ ಖಚಿತ ಮಾಡಿಕೊಳ್ಳಿ. ಹೇಳಲೇಬೇಕಾದದ್ದು ಇನ್ನೊಂದಿದೆ. ಗಿಟಾರ್ ತಂತಿಗಳೆಲ್ಲ ಕೇಬಲ್ ಮೂಲಕ ಆಂಪ್‌ನ ಅರ್ತಿಂಗ್‌ಗೆ ಸೇರಿರುತ್ತವೆ. ಮೂರು ಪಿನ್ ಪ್ಲಗ್‌ನ ಮೇಲಿನ ದಪ್ಪ ಪಿನ್ ಮುರಿದು ಎರಡು ಪಿನ್ ಬೋರ್ಡಿಗೆ ತುರುಕುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಹಾಗೆ ಮಾಡಿದ ಆಂಪ್‌ಗೆ ಗಿಟಾರ್ ಹಾಕಿಕೊಂಡು ಮೈಕ್‌ಗೆ ತುಟಿ ತಾಗಿಸಿದರೆ ಹೊಡೆಯುವ ಶಾಕ್ ಸಣ್ಣದಲ್ಲ, ಜೀವಕ್ಕೇ ಬರಬಹುದು. ಯಾವ ವೈರಿಂಗ್ ಮಾಡಿದರೂ ಇದನ್ನು ಸರಿ ಮಾಡಲು ಆಗುವುದಿಲ್ಲ, ಪ್ಲಗ್ ಬದಲಾಯಿಸಬೇಕು.

ಸ್ಪ್ಲಿಟ್ಟೇ ಬೇಕು ಅನ್ನುವವರಿಗೆ

ಇದು ಇನ್ನೂ ಸುಲಭ. ಒಂದರ ಮೈನಸ್ ಮತ್ತು ಎರಡರ ಪ್ಲಸ್ ಒಟ್ಟಿಗೇ ಬೆಸೆದು ಒಂದು ಸಾಲಿನ ನಡುವಿನ ಪಿನ್‌ಗೆ ಕೊಡಿ. ಆ ಸಾಲಿನ ಎಳೆತದ ಪಿನ್‌ನಿಂದ ಗ್ರೌಂಡ್‌ಗೆ. ಅಷ್ಟೇ. ಎಳೆದಾಗ ಎರಡನೇ ಕಾಯಿಲ್‌ನ ಎರಡೂ ತುದಿ ಗ್ರೌಂಡ್ ಆಗಿ ಅದು ಮಲಗುತ್ತದೆ. ಸದ್ದು ತೀರಾ ಬಡಕಲು ಅನ್ನಿಸಿದರೆ ಗ್ರೌಂಡ್‌ಗೆ ನೇರ ಕೊಡದೆ ನಡುವೆ 2.2 ಕೆ ರೆಸಿಸ್ಟರ್ ಹಾಕಿ, ಮಲಗಿದ ಕಾಯಿಲ್ ಅರೆನಿದ್ದೆಯಲ್ಲಿ ಇರುತ್ತದೆ, ಸದ್ದಿಗೆ ಸ್ವಲ್ಪ ಮೈ ಬರುತ್ತದೆ. ಉಳಿದ ಸಾಲು ಖಾಲಿ ಇರುತ್ತದಲ್ಲ, ಅದರಿಂದ ಇನ್ನೊಂದು ಪಿಕಪ್‌ನ್ನೂ ಸ್ಪ್ಲಿಟ್ ಮಾಡಬಹುದು. ಅಲ್ಲಿ ಎಳೆತದ ಪಿನ್‌ನ್ನು ಮಾತ್ರ ಗ್ರೌಂಡ್‌ಗೆ ಕೊಡದೆ ಆ ಪಿಕಪ್ಪಿನ ಹಾಟ್‌ಗೆ ಕೊಡಿ. ಎರಡೂ ಒಂದೇ ಕಂಪನಿಯ ಪಿಕಪ್ ಆಗಿದ್ದರೆ ಒಂದರಲ್ಲಿ ಒಂದು ದಿಕ್ಕಿನ ಕಾಯಿಲ್, ಇನ್ನೊಂದರಲ್ಲಿ ಉಲ್ಟಾ ದಿಕ್ಕಿನದು ಉಳಿಯುತ್ತದೆ, ಸೆಲೆಕ್ಟರ್ ನಡುವೆ ಇಟ್ಟಾಗ ಗೊಂಯ್ ಇರುವುದಿಲ್ಲ.

ಫೇಸ್ ಸ್ವಿಚ್ (ಒಂದು ಪಿಕಪ್ಪಿನ ಪ್ಲಸ್ ಮೈನಸ್ ಅದಲುಬದಲು ಮಾಡುವುದು) ಹಾಕಲಾ ಅಂತಲೂ ಕೇಳುತ್ತಾರೆ. ಬ್ರಿಟನ್ನಿನ ಬ್ಲೂಸ್ ಗಿಟಾರ್ ವಾದಕ ಪೀಟರ್ ಗ್ರೀನ್ ಅವರ 1959ರ ಗಿಬ್ಸನ್ ಲೆಸ್ ಪಾಲ್ ಗಿಟಾರ್‌ನಲ್ಲಿ ನೆಕ್ (ಕುತ್ತಿಗೆ ಕಡೆಯ) ಪಿಕಪ್ಪಿನ ಆಯಸ್ಕಾಂತ ಉಲ್ಟಾ ಇತ್ತು, ಎರಡೂ ಪಿಕಪ್ ಒಟ್ಟಿಗೆ ಹಾಕಿದಾಗಿನ ಆ ಮೂಗಿನ ಸದ್ದು ಅಲ್ಲಿಂದಲೇ ಬಂದದ್ದು. ಎರಡೂ ಒಟ್ಟಿಗೆ ಇದ್ದಾಗ ಮಾತ್ರ ಇದು ಕೇಳಿಸುತ್ತದೆ. ನನ್ನ ಮಟ್ಟಿಗೆ ಅದಕ್ಕೊಂದು ಪಾಟ್ ಖರ್ಚು ಮಾಡುವಷ್ಟು ಉಪಯೋಗ ಇಲ್ಲ.

ಸ್ಟ್ರಾಟ್ (ಫೆಂಡರ್ ಕಂಪನಿಯ, ಮೂರು ಸಿಂಗಲ್ ಕಾಯಿಲ್ ಪಿಕಪ್ಪಿನ ಸ್ಟ್ರಾಟೊಕ್ಯಾಸ್ಟರ್ ಗಿಟಾರ್) ಇರುವವರು ಬೇಜಾರು ಮಾಡಿಕೊಳ್ಳಬೇಡಿ. 1954ರಲ್ಲಿ ಬಂದಾಗ ಅದಕ್ಕಿದ್ದದ್ದು ಮೂರು ಹಂತದ ಸ್ವಿಚ್. ನುಡಿಸುವವರು ಅದನ್ನು ಎರಡು ಹಂತದ ನಡುವೆ ಸಿಕ್ಕಿಸಿ ನಿಲ್ಲಿಸಿ ಹೊಸ ಸದ್ದು ತೆಗೆಯುತ್ತಿದ್ದರು, ಕೊನೆಗೆ 1977ರಲ್ಲಿ ಫೆಂಡರ್ ಐದು ಹಂತದ್ದನ್ನೇ ಕೊಟ್ಟಿತು. ಆದರೂ ನೆಕ್ ಮತ್ತು ಬ್ರಿಡ್ಜ್ ಒಟ್ಟಿಗೆ, ಅಥವಾ ಮೂರೂ ಒಟ್ಟಿಗೆ ಅದರಲ್ಲಿ ಬರುವುದಿಲ್ಲ. ಒಂದು ಟೋನ್ ಜಾಗಕ್ಕೆ 250 ಕೆ ಪುಶ್-ಪುಲ್ ಹಾಕಿ, ಸೆಲೆಕ್ಟರ್‌ನಲ್ಲಿ ನೆಕ್ ಪಿಕಪ್ ಸೇರುವ ಪಿನ್‌ನಿಂದ ಒಂದು ವೈರ್ ಸ್ವಿಚ್ಚಿನ ನಡುವಿನ ಪಿನ್‌ಗೆ, ಎಳೆತದ ಪಿನ್‌ನಿಂದ ವಾಲ್ಯೂಮ್ ಪಾಟ್‌ಗೆ ಸದ್ದು ಒಳಬರುವ ಪಿನ್‌ಗೆ. ಎಳೆದರೆ ಸೆಲೆಕ್ಟರ್ ಎಲ್ಲಿದ್ದರೂ ನೆಕ್ ಪಿಕಪ್ ಜೊತೆಗೆ ಸೇರುತ್ತದೆ. ಎರಡು ಹೊಸ ಸದ್ದು ಸಿಕ್ಕವು.

ನಾಬ್ ವಿಷಯ ಮರೆಯಬೇಡಿ. ಹಲ್ಲಿರುವ ದಂಡಕ್ಕೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ನಾಬ್ ಆದರೆ ಎಳೆದಾಗ ಪಾಟ್ ಅಲ್ಲೇ ಉಳಿದು ನಾಬ್ ಮಾತ್ರ ಕೈಗೆ ಬರಬಹುದು. ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೇಪ್ ಎರಡು ಸುತ್ತು ದಂಡಕ್ಕೆ ಸುತ್ತಿ ನಾಬ್ ಒತ್ತಿದರೆ ಬಿಗಿಯಾಗಿ ಕೂರುತ್ತದೆ. ಪಕ್ಕದಲ್ಲಿ ಸ್ಕ್ರೂ ಇರುವ ಲೋಹದ ನಾಬ್ ಹಾಕುವುದಾದರೆ ನಯವಾದ ದಂಡದ ಪಾಟ್‌ನ್ನೇ ತರಿಸಿ, ಮತ್ತು ನಾಬ್ ಪೂರ್ತಿ ಕೆಳಗೆ ತಳ್ಳಬೇಡಿ, ಉಗುರು ತೂರುವಷ್ಟು ಸಂದು ಬಿಟ್ಟು ಸ್ಕ್ರೂ ಬಿಗಿ ಮಾಡಿ.